ಮಹಡಿ ಮೇಲೆ ವೈಫೈ ಬರ್ತಿಲ್ಲ, ಇನ್ನೊಂದು ಡಬ್ಬ ತರ್ಲಾ?

ಪ್ರಶ್ನೆ: ನಮ್ದು ಪುತ್ತೂರು ಹತ್ರ ಹಳೇ ಮನೆ, ಮುರಕಲ್ಲಿನ ದಪ್ಪ ಗೋಡೆ. ಚಾವಡಿಲಿ ಫೈಬರ್ ರೌಟರ್ ಇದೆ, 100 ಎಂಬಿಪಿಎಸ್ ಪ್ಲ್ಯಾನು, ಕೆಳಗೆ ಚೆನ್ನಾಗೇ ಬರುತ್ತೆ. ಮಹಡಿ ಮೇಲೆ ಮಗಳು ಆಫೀಸ್ ಕೆಲ್ಸ ಮಾಡೋ ರೂಮಲ್ಲಿ ಮಾತ್ರ ಮೀಟಿಂಗ್ ಮಧ್ಯೆನೇ ಕಟ್. ವೈಫೈ ಹಿಡಿದು ಮುಂದಕ್ಕೆ ಕಳಿಸೋ ಎಕ್ಸ್‌ಟೆಂಡರ್ ತಂದು ಅದೇ ರೂಮಲ್ಲಿ ಹಾಕಿದ್ವಿ, ಸಿಗ್ನಲ್ ಫುಲ್ ತೋರಿಸುತ್ತೆ ಸ್ಪೀಡ್ ಇಲ್ಲ. ಹಳೇ ರೌಟರ್ ಒಂದು ಅಟ್ಟದಲ್ಲಿ ಬಿದ್ದಿದೆ, ಉಪಯೋಗಕ್ಕೆ ಬರುತ್ತಾ?

ಉತ್ತರ: ಬರುತ್ತೆ, ಏನೂ ಹೊಸದು ತರ್ಬೇಡಿ, ಕೇಬಲ್ ಒಂದು ಬಿಟ್ಟು. ನಿಮಗೆ ಕಾಣೋ ಫುಲ್ ಸಿಗ್ನಲ್ ಎಕ್ಸ್‌ಟೆಂಡರಿಗೂ ಫೋನಿಗೂ ಮಧ್ಯದ್ದು ಅಷ್ಟೇ, ಕೆಳಗಿಂದ ಅದಕ್ಕೇ ಸರಿಯಾಗಿ ಬರ್ತಿಲ್ವಲ್ಲ, ತನಗೇ ಊಟ ಸಿಗದವನು ಬಡಿಸೋಕೆ ನಿಂತಂಗೆ. ಮೇಲಾಗಿ ಒಂದೇ ರೇಡಿಯೋದಲ್ಲಿ ತಗೊಂಡು ಅದರಲ್ಲೇ ವಾಪಸ್ ಕಳಿಸೋ ಅಗ್ಗದ ಎಕ್ಸ್‌ಟೆಂಡರುಗಳಲ್ಲಿ ಸ್ಪೀಡು ಹತ್ತಿರ ಹತ್ತಿರ ಅರ್ಧಕ್ಕಿಳಿಯುತ್ತೆ.

ಚಾವಡಿಯಿಂದ ಮಹಡಿಗೆ ಕ್ಯಾಟ್ 6 ಅನ್ನೋ ನೆಟ್‌ವರ್ಕ್ ಕೇಬಲ್ ಎಳೆಸಿ, ಕ್ಯಾಟ್ 5ಇ ಆದ್ರೂ ಸಾಕು, ಎರಡೂ 100 ಮೀಟರ್ ತನಕ ಗಿಗಾಬಿಟ್, ಅಂದ್ರೆ 1000 ಎಂಬಿಪಿಎಸ್, ಒಯ್ಯುತ್ವೆ. ಅಂಗಡೀಲಿ ಪೂರ್ತಿ ತಾಮ್ರದ್ದೇ ಅಂತ ಕೇಳಿ ತಗೊಳ್ಳಿ, ಅಲ್ಯೂಮಿನಿಯಂ ಮೇಲೆ ತಾಮ್ರ ಬಳಿದದ್ದನ್ನೂ ಅದೇ ಹೆಸರಲ್ಲಿ ಕೊಡ್ತಾರೆ. ಕರೆಂಟಿನ ಪೈಪಲ್ಲೇ ತೂರಿಸ್ಬೇಡಿ.

ಈಗ ಹಳೇ ರೌಟರ್. ಮೊದ್ಲು ಅದನ್ನ ರೀಸೆಟ್ ಮಾಡಿ ಲ್ಯಾಪ್‌ಟಾಪಿಗೆ ಮಾತ್ರ ಸಿಕ್ಸಿ, ಬ್ರೌಸರಲ್ಲಿ ಅದರ ಸೆಟ್ಟಿಂಗ್ ಪೇಜು ತೆಗೀರಿ, ವೈಫೈಗೆ ಕೆಳಗಿನ ಹೆಸರು, ಪಾಸ್‌ವರ್ಡನ್ನೇ ಕೊಡಿ, 2.4 ಗಿಗಾಹರ್ಟ್ಸ್ ಚಾನೆಲ್ ಕೆಳಗೆ 1 ಇದ್ರೆ ಮೇಲೆ 6 ಅಥ್ವಾ 11 ಇಡಿ. ಆಮೇಲೆ ಅದರ ಐಪಿ ವಿಳಾಸ, ಅಂದ್ರೆ ನೆಟ್‌ವರ್ಕಲ್ಲಿ ಅದರ ನಂಬರು, ಬದ್ಲಾಯಿಸಿ, ಕೆಳಗಿನದು 192.168.1.1 ಆಗಿದ್ರೆ ಇದಕ್ಕೆ 192.168.1.2, ಬದ್ಲಾಯಿಸಿದ ಕೂಡ್ಲೇ ಪೇಜು ಮಾಯ ಆಗುತ್ತೆ, ಗಾಬರಿ ಬೇಡ, ಹೊಸ ವಿಳಾಸದಲ್ಲಿ ತೆಗೀರಿ. ಕೊನೇಲಿ ಡಿಎಚ್‌ಸಿಪಿ, ಅಂದ್ರೆ ರೌಟರ್ ತಾನೇ ಎಲ್ಲರಿಗೂ ಐಪಿ ವಿಳಾಸ ಹಂಚೋ ವ್ಯವಸ್ಥೆ, ಆಫ್. ಇದನ್ನ ಮರೆತ್ರೆ ಎರಡೂ ರೌಟರು ಮನೆಯ ಫೋನುಗಳಿಗೆಲ್ಲ ವಿಳಾಸ ಹಂಚೋಕೆ ಶುರು ಮಾಡ್ತವೆ, ಒಂದೇ ಕ್ಲಿನಿಕ್ಕಲ್ಲಿ ಇಬ್ರು ಟೋಕನ್ ಕೊಟ್ಟಂಗೆ, ಒಂದ್ಸಲ ನೆಟ್ ಬರುತ್ತೆ ಒಂದ್ಸಲ ಇಲ್ಲ. ನಾನೇ ಇದನ್ನ ಮರೆತು ಒಂದಿಡೀ ಭಾನುವಾರ ಕೇಬಲ್ ಕೆಟ್ಟಿದೆ ಅಂತ ಬೈಕೊಂಡು ಕೂತಿದ್ದೆ. ಕೆಳಗಿನ ರೌಟರಲ್ಲೂ ಡಿಎಚ್‌ಸಿಪಿ ಹಂಚೋದು 192.168.1.10ರಿಂದ ಶುರುವಾಗ್ಲಿ, ಇಲ್ದಿದ್ರೆ ಆ 2ನೇ ನಂಬರನ್ನ ಯಾವ್ದೋ ಫೋನಿಗೂ ಕೊಟ್ಬಿಡ್ಬಹುದು.

ಕೇಬಲ್ ಸಿಕ್ಸೋದು ಎರಡೂ ರೌಟರಿನ ಲ್ಯಾನ್ ಪೋರ್ಟಿಂದ (ಮನೆಯೊಳಗಿನ ಸಾಧನ ಸಿಕ್ಸೋ ತೂತು) ಲ್ಯಾನ್ ಪೋರ್ಟಿಗೆ. ಹೊರಗಿನ ನೆಟ್ ಲೈನಿಗೆ ಅಂತ ವ್ಯಾನ್ ಅನ್ನೋ ಬೇರೆ ಬಣ್ಣದ್ದಿರುತ್ತಲ್ಲ, ಅದಕ್ಕೆ ಹಾಕ್ಬೇಡಿ, ಹಾಕಿದ್ರೆ ಮಹಡೀದೇ ಬೇರೆ ನೆಟ್‌ವರ್ಕ್ ಆಗಿ ಕೆಳಗಿನ ಪ್ರಿಂಟರ್ ಮೇಲಿನ ಲ್ಯಾಪ್‌ಟಾಪಿಗೆ ಕಾಣಲ್ಲ.

ಇನ್ನು ನಿಮ್ಮೂರಿನ ಗುಡುಗು. ಫೈಬರ್ ಗಾಜು, ಕರೆಂಟ್ ಒಯ್ಯಲ್ಲ ಸರಿ, ಆದ್ರೆ ಅಡಾಪ್ಟರ್ ಮೂಲಕ ಸಿಡಿಲು ಬರುತ್ತೆ, ಈಗ ಎಳೆಸೋ ತಾಮ್ರದ ಕೇಬಲಲ್ಲಿ ಅದು ಮೇಲಿನ ರೌಟರಿಗೂ ಹೋಗುತ್ತೆ. ಮೋಡ ಕಟ್ಟುವಾಗ್ಲೇ ಎರಡರ ಪ್ಲಗ್ಗೂ ಕೀಳಿ, ಆ ಕೇಬಲನ್ನೂ ತೆಗೀರಿ.

ಪ್ರಶ್ನೆ: ಬಾಡಿಗೆಯವರು ವೈಫೈ ಪಾಸ್‌ವರ್ಡ್ ಕೇಳ್ತಿದ್ದಾರೆ, ಕೊಡ್ಬಹುದಾ?

ಉತ್ತರ: ನಿಮ್ದು ಕೊಡ್ಬೇಡಿ, ರೌಟರಲ್ಲಿ ಗೆಸ್ಟ್ ನೆಟ್‌ವರ್ಕ್ ಆನ್ ಮಾಡಿ ಅದರ ಪಾಸ್‌ವರ್ಡ್ ಕೊಡಿ. ನೆಟ್ ಸಿಗುತ್ತೆ, ನಿಮ್ಮ ಕಂಪ್ಯೂಟರಿನ ಶೇರ್ಡ್ ಫೋಲ್ಡರ್ ಕಾಣಲ್ಲ. ಅವ್ರು ಮನೆ ಬಿಟ್ಟ ದಿನ ಅದೊಂದನ್ನ ಬದ್ಲಾಯಿಸಿದ್ರಾಯ್ತು, ನಿಮ್ಮ ಟೀವಿ ಫೋನು ಎಲ್ಲದಕ್ಕೂ ಮತ್ತೆ ಪಾಸ್‌ವರ್ಡ್ ಕುಟ್ಟೋ ಕೆಲ್ಸ ಇಲ್ಲ. ಕನೆಕ್ಷನ್ ನಿಮ್ಮ ಹೆಸರಲ್ಲಿದೆ ಅನ್ನೋದು ನೆನಪಿರ್ಲಿ, ಅವ್ರೇನಾದ್ರೂ ಎಡವಟ್ಟು ಮಾಡಿದ್ರೆ ಮೊದ್ಲು ಕೇಳೋದು ನಿಮ್ಮನ್ನೇ.