ಬಾಸ್ಟನ್‌ಗೆ ಮೂರೂವರೆ ನಿಮಿಷ ಸಾಲಲಿಲ್ಲ

ಹೆಸರು, ಊರು, ಕೆಲಸ ಬದಲಿಸಿ, ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಸುಮಿತ್ರಾ ಎನ್ನೋಣ. ಮೈಸೂರು, ಬ್ಯಾಂಕ್ ಉದ್ಯೋಗ, ವಯಸ್ಸು 48. ಮ್ಯಾರಥಾನ್ ಓಡುವವರು.

2025ರ ಜನವರಿಯಲ್ಲಿ ಮಗಳು ಆಪ್ತ ಸಮಾಲೋಚನೆಗೆಂದು ನನ್ನ ಬಳಿ ಕರೆದುಕೊಂಡು ಬಂದಳು. "ಅಮ್ಮ ನಿದ್ದೆ ಮಾಡಲ್ಲ ಮೇಡಂ, ಊಟಾನೂ ಅಷ್ಟಕ್ಕಷ್ಟೆ. ರಾತ್ರಿಯೆಲ್ಲ ಫೋನಲ್ಲಿ ಯಾರ‍್ಯಾರದೋ ಟೈಮಿಂಗ್ ನೋಡ್ತಾ ಕೂತಿರ‍್ತಾರೆ." ಸುಮಿತ್ರಾ ಏನೂ ಹೇಳಲಿಲ್ಲ. ಕೂತಷ್ಟು ಹೊತ್ತೂ ಚೂಡಿದಾರದ ಮೇಲಿಂದಲೇ ಎಡ ಮೊಣಕಾಲಿನ ಕೆಳಗೆ ಒಂದೇ ಜಾಗವನ್ನು ಹೆಬ್ಬೆರಳಿನಿಂದ ಒತ್ತಿಕೊಳ್ಳುತ್ತಿದ್ದರು.

ಅಮೆರಿಕದ ಬಾಸ್ಟನ್ ಮ್ಯಾರಥಾನ್ 1897ರಿಂದ ನಡೆಯುತ್ತಿದೆ. ಅಲ್ಲಿ ಓಡುವ ಹೆಚ್ಚಿನವರು ತಮ್ಮ ವಯಸ್ಸಿಗೆ ಗೊತ್ತುಮಾಡಿದ ಸಮಯದೊಳಗೆ ಇನ್ನೊಂದು ಮಾನ್ಯ ಮ್ಯಾರಥಾನ್ ಮುಗಿಸಿರಬೇಕು. 2025ರ ಓಟಕ್ಕೆ 45ರಿಂದ 49ರ ಹೆಂಗಸರಿಗೆ ಇದ್ದ ಮಿತಿ 3 ಗಂಟೆ 50 ನಿಮಿಷ. ಇವರು 2024ರ ಜನವರಿಯಲ್ಲಿ ಮುಂಬೈಯಲ್ಲಿ, ಕಾಲು ಸೋತ ಮೇಲೆ ಎದುರಾಗುವ ಪೆಡ್ಡರ್ ರೋಡ್ ಏರನ್ನೂ ಹತ್ತಿ, 3:46:30ಕ್ಕೆ ಮುಗಿಸಿದ್ದರು. ಓಟಗಾರರ ಮಾತಲ್ಲಿ 'ಬಿಕ್ಯೂ', ಅಂದರೆ ಬಾಸ್ಟನ್‌ಗೆ ಅರ್ಹತೆ, ಆಯಿತು. ಬ್ರಾಂಚಿಗೆಲ್ಲ ಮೈಸೂರು ಪಾಕ್ ಹಂಚಿದರು.

ಆದರೆ ಅರ್ಜಿ ಹೆಚ್ಚಾದಾಗ ಮಿತಿಗಿಂತ ಹೆಚ್ಚು ಬೇಗ ಮುಗಿಸಿದವರಿಗೆ ಮೊದಲು ಜಾಗ. ಆ ವರ್ಷ 6 ನಿಮಿಷ 51 ಸೆಕೆಂಡ್ ಉಳಿಸಿದವರವರೆಗೆ ಬಂದು ನಿಂತಿತು. ಇವರು ಉಳಿಸಿದ್ದು ಮೂರೂವರೆ ನಿಮಿಷ. ಸಾಲದ್ದಕ್ಕೆ 2026ರ ಓಟಕ್ಕೆ ಇವರ ವಯಸ್ಸಿನವರ ಮಿತಿಯನ್ನೇ 5 ನಿಮಿಷ ಇಳಿಸಿ 3:45 ಮಾಡಿದರು.

"ಸಿಹಿ ತಿಂದವರೆಲ್ಲ ಅಮೆರಿಕಾಗೆ ಯಾವಾಗ ಅಂತಾರೆ. ಏನು ಹೇಳಲಿ ಮೇಡಂ?"

ಹೇಳಲಾಗದೆ ರಾತ್ರಿ ಊಟ ಬಿಟ್ಟರು, ತೂಕ ಇಳಿದರೆ ವೇಗ ಬರುತ್ತದೆಂದು. ಓಟ ಹೆಚ್ಚಿಸಿದರು. ಕಾಲು ನೋವಿಗೆ ಮಾತ್ರೆ ನುಂಗಿ ಓಡಿದರು. ಎಕ್ಸ್‌ರೇಯಲ್ಲಿ ಕಾಣದ ಸ್ಟ್ರೆಸ್ ಫ್ರ್ಯಾಕ್ಚರ್ (ಮತ್ತೆ ಮತ್ತೆ ಭಾರ ಬಿದ್ದು ಮೂಳೆಯಲ್ಲಾಗುವ ಸಣ್ಣ ಬಿರುಕು) ಎಂಆರ್‌ಐಯಲ್ಲಿ ಕಂಡಿತು. ಆ ಸಲದ ಮುಂಬೈ ಓಟವೂ ತಪ್ಪಿತು. ಮುಟ್ಟು ನಿಂತು ಐದು ತಿಂಗಳಾಗಿತ್ತು. "ವಯಸ್ಸಾಯ್ತಲ್ಲ" ಎಂದು ಸುಮ್ಮನಿದ್ದರಂತೆ.

ನಾನು ಮೊದಲು ಹಿಡಿದದ್ದು ಇದನ್ನೇ. ದುಡಿಮೆಗೆ ತಕ್ಕ ಊಟವಿಲ್ಲದಿದ್ದರೂ ಮುಟ್ಟು ನಿಲ್ಲಬಹುದು, ಮೂಳೆ ಸವೆಯಬಹುದು. ವಯಸ್ಸೋ ಹಸಿವೋ ಎಂದು ಹೇಳಬೇಕಾದವರು ವೈದ್ಯರು. ಅದೇ ವಾರ ಸ್ತ್ರೀರೋಗ ತಜ್ಞರನ್ನೂ ಕ್ರೀಡಾ ವೈದ್ಯರನ್ನೂ ನೋಡಲೇಬೇಕು, ಅವರು ಹೂಂ ಅನ್ನುವವರೆಗೆ ಒಂದು ಹೆಜ್ಜೆಯೂ ಓಡಬಾರದು ಎಂದೆ. ಒಪ್ಪಿದರು.

ಮನೆಯವರು ಬಯಸಿದ್ದು ನಾನು "ಈ ವಯಸ್ಸಲ್ಲಿ ಬಿಟ್ಟುಬಿಡಿ" ಎನ್ನಲಿ ಅಂತ. ಹೇಳಲಿಲ್ಲ, ಹೇಳಲು ಮನಸ್ಸೂ ಇರಲಿಲ್ಲ. ಆಸೆ ಅವರ ಕಾಯಿಲೆಯಾಗಿರಲಿಲ್ಲ. ನಾಲ್ಕು ಗೋಡೆಯ ಕೌಂಟರ್‌ನಿಂದಾಚೆ ಅವರು ತಮ್ಮದೆಂದು ಕಟ್ಟಿಕೊಂಡದ್ದು ಅದೊಂದೇ. ಕಟ್-ಆಫ್, ಅಂದರೆ ಸೀಟು ಸಿಗಲು ಮಿತಿಗಿಂತ ಎಷ್ಟು ಉಳಿಸಿರಬೇಕು ಎಂಬುದು, ಅರ್ಜಿ ಮುಗಿಯುವ ತನಕ ಯಾರಿಗೂ ಗೊತ್ತಿರುವುದಿಲ್ಲ. 2021ಕ್ಕೆ 7 ನಿಮಿಷ 47 ಸೆಕೆಂಡ್ ಇದ್ದದ್ದು 2024ಕ್ಕೆ 5 ನಿಮಿಷ 29 ಸೆಕೆಂಡ್ ಆಗಿತ್ತು. ಅಂಥದ್ದೊಂದು ಅಂಕಿಯನ್ನು ಅವರು ತಮ್ಮ ಯೋಗ್ಯತೆಯ ಅಳತೆ ಮಾಡಿಕೊಂಡಿದ್ದರು. ನಾಲ್ಕು ಭೇಟಿ ಇದರ ಮೇಲೇ ಹೋಯಿತು.

ಒಂದು ಸಲಹೆ ತಪ್ಪಿತು. ವೈದ್ಯರು ನಡೆಯಲು ಬಿಟ್ಟ ಮೇಲೆ, ದಿನಚರಿ ಉಳಿಯಲೆಂದು ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಡೆಯಿರಿ ಎಂದಿದ್ದೆ. ತಮ್ಮ ಗುಂಪಿನವರು ಪಕ್ಕದಲ್ಲೇ ಓಡಿಹೋದದ್ದನ್ನು ನೋಡಿ ಅಲ್ಲೇ ಕೂತು ಅತ್ತರು. ಸಂಜೆಯ ಈಜಿಗೆ ಬದಲಿಸಿದೆವು. ರಾತ್ರಿ ಫೋನ್ ಅಡುಗೆಮನೆಯಲ್ಲಿ. ಬ್ರಾಂಚಿನವರಿಗೆ ಒಂದೇ ಮಾತು: "ಅರ್ಹತೆ ಸಿಕ್ಕಿತ್ತು, ಸೀಟು ಸಿಗಲಿಲ್ಲ."

2026ರ ಓಟದ ಆಸೆಯನ್ನು ಪೂರ್ತಿ ಬಿಡಲು ಕೇಳಿದೆ. ಬಾಸ್ಟನ್‌ನಲ್ಲಿ ಲೆಕ್ಕಕ್ಕೆ ಬರುವುದು ಓಟದ ದಿನದ ವಯಸ್ಸು. 2027ರ ಏಪ್ರಿಲ್‌ಗೆ ಇವರಿಗೆ 50. ಆ ವಯಸ್ಸಿಗೆ ಮಿತಿ ಮತ್ತೆ 3:50. ಅವರಿಗೆ ಅದು ತಿಳಿದಿತ್ತು. "ವಯಸ್ಸಿನ ರಿಯಾಯಿತಿ ಬೇಡ" ಎಂದರು. ಎಲ್ಲ ಗುಂಪಿಗೂ ವಯಸ್ಸು ನೋಡಿಯೇ ಮಿತಿ ಇಟ್ಟಿರುವಾಗ ರಿಯಾಯಿತಿ ಎಲ್ಲಿಂದ ಬಂತು ಎಂದೆ. ಬಹಳ ಹೊತ್ತು ಸುಮ್ಮನಿದ್ದರು.

2026ರ ಜನವರಿಯಲ್ಲಿ ಮುಂಬೈಯಿಂದ ಸಂದೇಶ ಬಂತು: "3:43:12. ಕಾಲು ನೋವಿಲ್ಲ." ಮರುವಾರ ಇನ್ನೊಂದು: "ಬ್ರಾಂಚಿಗೆ ಮೈಸೂರು ಪಾಕ್ ತಗೊಂಡು ಹೋದೆ ಮೇಡಂ. ಸೀಟು ಸಿಗುತ್ತೋ ಇಲ್ವೋ ಸೆಪ್ಟೆಂಬರ್ ಆದ್ಮೇಲೇ ಗೊತ್ತಾಗೋದು ಅಂತ ನಾನೇ ಮೊದಲು ಹೇಳಿಬಿಟ್ಟೆ. ನಾನೂ ಎರಡು ತಿಂದೆ."