ಓದುಗರ ಪ್ರಶ್ನೆ: ಎಥಿಕಲ್ ಹ್ಯಾಕಿಂಗ್ ಲ್ಯಾಬ್, ಸ್ಕ್ಯಾನ್ ಮತ್ತು ಅನುಮತಿ

ಪ್ರಶ್ನೆ: ಆರನೇ ಸೆಮಿಸ್ಟರ್‌ನಲ್ಲಿ ನೆಟ್‌ವರ್ಕ್ ಸೆಕ್ಯುರಿಟಿ ತೆಗೆದುಕೊಂಡಿದ್ದೇನೆ. ಲ್ಯಾಪ್‌ಟಾಪ್‌ನ ವರ್ಚುವಲ್‌ಬಾಕ್ಸ್‌ನಲ್ಲಿ (ಒಂದು ಕಂಪ್ಯೂಟರಿನೊಳಗೆ ಬೇರೆ ಕಂಪ್ಯೂಟರ್‌ಗಳನ್ನು ಓಡಿಸುವ ತಂತ್ರಾಂಶ) ದಾಳಿಗೆ ಕಾಳಿ ಲಿನಕ್ಸ್, ಗುರಿಯಾಗಿ ಮೆಟಾಸ್ಪ್ಲಾಯ್ಟಬಲ್ 2 ಎರಡನ್ನೂ ಹಾಕಿದ್ದೇನೆ. ಎರಡಕ್ಕೂ 10.0.2.15 ಎಂದೇ ಐಪಿ ಬರುತ್ತಿದೆ, ಒಂದರಿಂದ ಇನ್ನೊಂದಕ್ಕೆ ಪಿಂಗ್ ಹೋಗುತ್ತಿಲ್ಲ. ಏನು ತಪ್ಪಾಗಿದೆ?
(ಎಂಜಿನಿಯರಿಂಗ್ ವಿದ್ಯಾರ್ಥಿನಿ, ತುಮಕೂರು)

ಉತ್ತರ: ಎರಡೂ ಯಂತ್ರಗಳು ನ್ಯಾಟ್ ಮೋಡ್‌ನಲ್ಲಿವೆ. ಆ ಮೋಡ್‌ನಲ್ಲಿ ವರ್ಚುವಲ್‌ಬಾಕ್ಸ್ ಪ್ರತಿ ಯಂತ್ರಕ್ಕೂ ಬೇರೆಬೇರೆ ರೂಟರ್ ಕಲ್ಪಿಸಿ, ಎಲ್ಲರಿಗೂ ಅದೇ 10.0.2.15 ಕೊಡುತ್ತದೆ. ಇಂಟರ್ನೆಟ್ ಸಿಗುತ್ತದೆ, ಆದರೆ ಪಕ್ಕದ ಯಂತ್ರ ಕಾಣುವುದಿಲ್ಲ.

ಎರಡನ್ನೂ ಪೂರ್ತಿ ಆಫ್ ಮಾಡಿ. ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ತೆರೆದು, ಮೊದಲ ಅಡಾಪ್ಟರನ್ನು ಹೋಸ್ಟ್-ಓನ್ಲಿ (ಲ್ಯಾಪ್‌ಟಾಪ್ ಮತ್ತು ಅದರೊಳಗಿನ ಯಂತ್ರಗಳಿಗೆ ಮಾತ್ರ ಸೀಮಿತವಾದ ನೆಟ್‌ವರ್ಕ್) ಎಂದು ಬದಲಿಸಿ. ಆ ಪಟ್ಟಿ ಖಾಲಿ ಇದ್ದರೆ ಮೊದಲು ನೆಟ್‌ವರ್ಕ್ ಮ್ಯಾನೇಜರ್‌ನಲ್ಲಿ ಒಂದು ಹೋಸ್ಟ್-ಓನ್ಲಿ ನೆಟ್‌ವರ್ಕ್ ಸೃಷ್ಟಿಸಿ, ಐಪಿ ವಿಳಾಸ ಹಂಚುವ ಅದರ ಡಿಎಚ್‌ಸಿಪಿ ಸರ್ವರ್‌ಗೆ ಟಿಕ್ ಹಾಕಬೇಕು. ಈಗ ಎರಡಕ್ಕೂ 192.168.56 ಸಾಲಿನ ಬೇರೆಬೇರೆ ವಿಳಾಸ ಬರುತ್ತದೆ, ಪಿಂಗ್ ಹೋಗುತ್ತದೆ. ಕಾಳಿಗೆ ಅಪ್‌ಡೇಟ್ ಬೇಕಾದಾಗ ಅದಕ್ಕೆ ಮಾತ್ರ ಎರಡನೇ ಅಡಾಪ್ಟರ್ ಕೊಟ್ಟು ಅದನ್ನು ನ್ಯಾಟ್‌ನಲ್ಲಿಡಿ.

ಬ್ರಿಡ್ಜ್ಡ್ ಮೋಡ್ (ಯಂತ್ರವನ್ನು ನೇರವಾಗಿ ಹೊರಗಿನ ನೆಟ್‌ವರ್ಕ್‌ಗೆ ಸೇರಿಸುವುದು) ಮಾತ್ರ ಬೇಡವೇ ಬೇಡ. ಮೆಟಾಸ್ಪ್ಲಾಯ್ಟಬಲ್ ಬೇಕೆಂತಲೇ ದೋಷಗಳನ್ನು ತುಂಬಿಟ್ಟ ಯಂತ್ರ; ಅದರ ಯೂಸರ್‌ನೇಮ್, ಪಾಸ್‌ವರ್ಡ್ ಎರಡೂ 'ಎಂಎಸ್‌ಎಫ್‌ಅಡ್ಮಿನ್' ಎಂಬುದು ಊರಿಗೆಲ್ಲ ಗೊತ್ತು. ಬ್ರಿಡ್ಜ್ ಮಾಡಿದರೆ ಹಾಸ್ಟೆಲ್ ವೈಫೈಯಲ್ಲಿರುವ ಯಾರು ಬೇಕಾದರೂ ಅದರೊಳಗೆ ನುಗ್ಗಬಹುದು, ಅಲ್ಲಿಂದ ನಿಮ್ಮ ಲ್ಯಾಪ್‌ಟಾಪ್ ಮೇಲೂ ಕೈ ಹಾಕಬಹುದು.

8 ಜಿಬಿ ರ‍್ಯಾಮ್ ಇದ್ದರೆ ಕಾಳಿಗೆ 2 ಜಿಬಿ, ಮೆಟಾಸ್ಪ್ಲಾಯ್ಟಬಲ್‌ಗೆ 512 ಎಂಬಿ ಸಾಕು. ದಾಳಿಗೆ ಮೊದಲು ಸ್ನ್ಯಾಪ್‌ಶಾಟ್ ತೆಗೆದಿಡಿ, ಕೆಟ್ಟರೆ ಹಿಂದಿನ ಸ್ಥಿತಿಗೆ ತರಲು ಒಂದು ಕ್ಲಿಕ್ ಸಾಕು.

ಪ್ರಶ್ನೆ: ಸ್ಕ್ಯಾನ್ ಮಾಡುವ ತಂತ್ರಾಂಶ ಎನ್‌ಮ್ಯಾಪ್ ಕೆಲವು ಪೋರ್ಟ್ (ಯಂತ್ರದ ಸೇವೆಗಳಿಗೆ ಇರುವ ಸಂಖ್ಯೆಯ ಬಾಗಿಲು) ಓಪನ್, ಕೆಲವು ಕ್ಲೋಸ್ಡ್, ಕೆಲವು ಫಿಲ್ಟರ್ಡ್ ಎನ್ನುತ್ತದೆ. ವ್ಯತ್ಯಾಸ ಏನು? ಲ್ಯಾಬ್ ಪರೀಕ್ಷೆಯಲ್ಲಿ ಇದನ್ನೇ ಕೇಳುತ್ತಾರೆ.
(ಬಿಸಿಎ ವಿದ್ಯಾರ್ಥಿ, ಹುಬ್ಬಳ್ಳಿ)

ಉತ್ತರ: ಎನ್‌ಮ್ಯಾಪ್ ಸಂಪರ್ಕ ಕೋರುವ ಒಂದು ಸಿನ್ ಪ್ಯಾಕೆಟ್ ಕಳಿಸುತ್ತದೆ. ಒಪ್ಪಿಗೆಯ ಸಿನ್-ಆ್ಯಕ್ ಬಂದರೆ ಓಪನ್. ನಿರಾಕರಿಸುವ ರೀಸೆಟ್ ಬಂದರೆ ಕ್ಲೋಸ್ಡ್: ಯಂತ್ರ ಇದೆ, ಆ ಪೋರ್ಟ್‌ನಲ್ಲಿ ಯಾವ ಸೇವೆಯೂ ಇಲ್ಲ. ಮತ್ತೆಮತ್ತೆ ಕಳಿಸಿದರೂ ಉತ್ತರವೇ ಬಾರದಿದ್ದರೆ, ಅಥವಾ ತಲುಪಲಾಗದು ಎಂಬ ಐಸಿಎಂಪಿ ಸಂದೇಶ ಬಂದರೆ ಫಿಲ್ಟರ್ಡ್, ಅಂದರೆ ನಡುವೆ ಫೈರ್‌ವಾಲ್ ತಡೆಯುತ್ತಿರಬಹುದು. ಪಠ್ಯ ಓದಿ ಬಾಯಿಪಾಠ ಮಾಡುವ ಬದಲು ಸ್ಕ್ಯಾನ್ ಮಾಡುವಾಗ ಪಕ್ಕದಲ್ಲಿ ಪ್ಯಾಕೆಟ್‌ಗಳನ್ನು ತೋರಿಸುವ ವೈರ್‌ಶಾರ್ಕ್ ತೆರೆದಿಡಿ. ಮೂರೂ ಬಗೆಯ ಉತ್ತರ ಕಣ್ಣಿಗೇ ಕಾಣುತ್ತದೆ, ಪರೀಕ್ಷೆಯಲ್ಲಿ ಮರೆಯುವುದಿಲ್ಲ.

ಸುಡೊ (ಅಡ್ಮಿನ್ ಅಧಿಕಾರ) ಇಲ್ಲದೆ ಓಡಿಸಿದರೆ ಎನ್‌ಮ್ಯಾಪ್ ಸಿನ್ ಸ್ಕ್ಯಾನ್ ಬಿಟ್ಟು ಪೂರ್ತಿ ಕನೆಕ್ಷನ್ ಮಾಡುತ್ತದೆ, ಪ್ಯಾಕೆಟ್‌ಗಳು ಬೇರೆಯಾಗಿ ಕಾಣುತ್ತವೆ. ಸುಮ್ಮನೆ ಓಡಿಸಿದರೆ ಹೆಚ್ಚು ಬಳಕೆಯ 1,000 ಟಿಸಿಪಿ ಪೋರ್ಟ್ ಮಾತ್ರ ನೋಡುತ್ತದೆ. 65,535 ಪೋರ್ಟ್‌ಗಳನ್ನೂ ನೋಡಲು ಹೇಳದಿದ್ದರೆ ಮೂಲೆಯ ಸೇವೆಗಳು ತಪ್ಪಿಹೋಗುತ್ತವೆ. ಟಿಸಿಪಿಯಂತೆ ಮೊದಲು ಸಂಪರ್ಕ ಬೆಳೆಸದ ಯುಡಿಪಿಯ ಸ್ಕ್ಯಾನ್ ಯಾಕಿಷ್ಟು ನಿಧಾನ ಎಂದು ಹಲವರು ಕೇಳುತ್ತಾರೆ. ಲಿನಕ್ಸ್ ಯಂತ್ರಗಳು 'ಪೋರ್ಟ್ ಇಲ್ಲ' ಎಂಬ ಉತ್ತರವನ್ನು ಸಾಮಾನ್ಯವಾಗಿ ಸೆಕೆಂಡಿಗೆ ಒಂದರಂತೆ ಕೊಡುತ್ತವೆ. ಹಾಗಾಗಿ ಎಲ್ಲ ಪೋರ್ಟ್ ನೋಡಲು 18 ಗಂಟೆಗೂ ಹೆಚ್ಚು ಬೇಕಾಗುತ್ತದೆ.

ಇನ್ನೊಂದು ಮಾತು. ಆವೃತ್ತಿ ಪತ್ತೆ ಮಾಡಿದಾಗ ಮೆಟಾಸ್ಪ್ಲಾಯ್ಟಬಲ್‌ನ 21ನೇ ಪೋರ್ಟ್‌ನಲ್ಲಿ ಕಡತ ವರ್ಗಾವಣೆಯ ತಂತ್ರಾಂಶ ವಿಎಸ್‌ಎಫ್‌ಟಿಪಿಡಿ 2.3.4 ಸಿಗುತ್ತದೆ. ದಾಳಿಯ ತಂತ್ರಾಂಶ ಮೆಟಾಸ್ಪ್ಲಾಯ್ಟ್‌ನಲ್ಲಿ ಎರಡು ಸಾಲು ಹೊಡೆದು ರೂಟ್ (ಯಂತ್ರದ ಪೂರ್ಣ ಅಧಿಕಾರ) ಪಡೆದು ಅಲ್ಲಿಗೇ ನಿಲ್ಲಿಸುವುದು ಕಲಿಕೆಯಲ್ಲ. 2011ರಲ್ಲಿ ಆ ತಂತ್ರಾಂಶದ ಡೌನ್‌ಲೋಡ್ ಕಡತದೊಳಗೆ ಯಾರೋ ಹಿಂಬಾಗಿಲು ಸೇರಿಸಿದ್ದರು. ಯೂಸರ್‌ನೇಮ್‌ನಲ್ಲಿ ನಗುಮುಖದ ':)' ಚಿಹ್ನೆ ಇದ್ದರೆ 6200ನೇ ಪೋರ್ಟ್ ತೆರೆದುಕೊಳ್ಳುತ್ತದೆ. ಅದು ತೆರೆಯುವುದನ್ನು ವೈರ್‌ಶಾರ್ಕ್‌ನಲ್ಲಿ ಹಿಡಿಯಿರಿ. ಆಮೇಲೆ ಲಿನಕ್ಸ್‌ನ ಫೈರ್‌ವಾಲ್ ಐಪಿಟೇಬಲ್ಸ್‌ನಿಂದ 6200 ಮುಚ್ಚಿ ಮತ್ತೆ ದಾಳಿ ಮಾಡಿ, ಯಾಕೆ ಸೋಲುತ್ತದೆ ಎಂದು ರೆಕಾರ್ಡ್ ಪುಸ್ತಕದಲ್ಲಿ ಬರೆಯಿರಿ. ಕೆಲಸ ಕೊಡುವವರು ನೋಡುವುದು ಆ ಬರಹವನ್ನು.

ಪ್ರಶ್ನೆ: ನಮ್ಮ ವಿದ್ಯಾರ್ಥಿಗಳು ಕಾಲೇಜಿನ ಫಲಿತಾಂಶದ ಪೋರ್ಟಲ್ ಪರೀಕ್ಷಿಸಿ ನೋಡುತ್ತೇವೆ ಎನ್ನುತ್ತಾರೆ. ಹಾನಿ ಮಾಡದಿದ್ದರೆ ತೊಂದರೆ ಇಲ್ಲವಲ್ಲವೇ?
(ಅಧ್ಯಾಪಕಿ, ಶಿವಮೊಗ್ಗ)

ಉತ್ತರ: ತೊಂದರೆ ಇದೆ. ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ ಸೆಕ್ಷನ್ 43ರ ಪ್ರಕಾರ ಯಜಮಾನರ ಅನುಮತಿ ಇಲ್ಲದೆ ಒಳಹೊಕ್ಕರೆ ಪರಿಹಾರ ಕೊಡಬೇಕಾಗುತ್ತದೆ. ಅದನ್ನೇ ಅಪ್ರಾಮಾಣಿಕವಾಗಿ ಅಥವಾ ವಂಚನೆಯಿಂದ ಮಾಡಿದರೆ ಸೆಕ್ಷನ್ 66ರ ಪ್ರಕಾರ 3 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. 'ಸುಮ್ಮನೆ ನೋಡಿದೆ' ಎಂಬ ಮಾತನ್ನು ಎಲ್ಲರೂ ನಂಬುತ್ತಾರೆ ಎಂದುಕೊಳ್ಳಬೇಡಿ.

ಬಾಯಿಮಾತಿನ ಒಪ್ಪಿಗೆ ಸಾಲದು. ಯಾವ ಐಪಿ, ಯಾವ ದಿನ, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ, ಏನು ಮಾಡಬಾರದು, ಸರ್ವರ್ ಬಿದ್ದರೆ ಯಾರಿಗೆ ಫೋನ್ ಮಾಡಬೇಕು ಎಂಬುದೆಲ್ಲ ಇರುವ ಪತ್ರಕ್ಕೆ ಪ್ರಾಂಶುಪಾಲರ ಸಹಿ ಬೇಕು. ಪೋರ್ಟಲ್ ಹೊರಗಿನ ಕಂಪನಿಯ ಸರ್ವರ್‌ನಲ್ಲಿದ್ದರೆ ಆ ಕಂಪನಿಯ ಒಪ್ಪಿಗೆಯೂ ಬೇಕು. ಜನರು ಇಲ್ಲೇ ಹೆಚ್ಚು ಎಡವುತ್ತಾರೆ. ಬಳಸುತ್ತಿರುವಾಗ ಆಕಸ್ಮಿಕವಾಗಿ ದೋಷ ಕಂಡರೆ ಅಲ್ಲಿಗೇ ನಿಲ್ಲಿಸಿ, ಬೇರೆಯವರ ಅಂಕಪಟ್ಟಿ ಡೌನ್‌ಲೋಡ್ ಮಾಡದೆ, ಕಾಲೇಜಿಗೆ ಅಥವಾ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸಲಿ.

ಪ್ರಶ್ನೆ: ವರ್ಚುವಲ್‌ಬಾಕ್ಸ್‌ನ ಕಾಳಿಯಲ್ಲಿ ನನ್ನ ಲ್ಯಾಪ್‌ಟಾಪ್‌ನ ವೈಫೈ ಕಾರ್ಡ್ ಕಾಣುತ್ತಿಲ್ಲ.
(ಡಿಪ್ಲೊಮಾ ವಿದ್ಯಾರ್ಥಿ, ಮಂಗಳೂರು)

ಉತ್ತರ: ಕಾಣುವುದಿಲ್ಲ. ವರ್ಚುವಲ್ ಯಂತ್ರಕ್ಕೆ ಸಿಗುವುದು ತಂತಿಯ ಕಾರ್ಡ್‌ನ ನಕಲು ಮಾತ್ರ. ಮಾನಿಟರ್ ಮೋಡ್ (ಸುತ್ತಲಿನ ವೈಫೈ ಪ್ಯಾಕೆಟ್‌ಗಳನ್ನು ಹಿಡಿಯುವ ಸೌಲಭ್ಯ) ಇರುವ ಯುಎಸ್‌ಬಿ ಅಡಾಪ್ಟರ್ ಕೊಂಡು, ಡಿವೈಸಸ್ ಮೆನುವಿನ ಯುಎಸ್‌ಬಿಯಿಂದ ಅದನ್ನು ಕಾಳಿಗೆ ಕೊಡಿ. ಕೊಳ್ಳುವಾಗ ಹೆಸರು ನೋಡಬೇಡಿ, ಒಳಗಿನ ಚಿಪ್ ನೋಡಿ: ಟಿಪಿ-ಲಿಂಕ್ ಡಬ್ಲ್ಯುಎನ್722ಎನ್‌ನ ಮೊದಲ ಆವೃತ್ತಿಯಲ್ಲಿ ಅಥೆರೋಸ್ ಎಆರ್9271 ಇದೆ, ತಕರಾರಿಲ್ಲದೆ ನಡೆಯುತ್ತದೆ, ಅದೇ ಹೆಸರಿನ ನಂತರದ ಆವೃತ್ತಿಗಳಲ್ಲಿ ರಿಯಲ್‌ಟೆಕ್ ಚಿಪ್, ಡ್ರೈವರ್ ಬೇರೆ ಹಾಕಬೇಕಾಗಬಹುದು. ಎಆರ್9271 2.4 ಗಿಗಾಹರ್ಟ್ಸ್‌ನಲ್ಲಿ ಮಾತ್ರ ಕೆಲಸ ಮಾಡುತ್ತದೆ, ಆದ್ದರಿಂದ ಅಭ್ಯಾಸಕ್ಕೆ ಇಟ್ಟುಕೊಳ್ಳುವ ನಿಮ್ಮದೇ ಹಳೆಯ ರೂಟರನ್ನೂ ಅದೇ ಬ್ಯಾಂಡ್‌ಗೆ ಹಾಕಿ.