ಮೊದಲನೇ ಮೇರಿ ರಾಣಿ ಜೇನ್ ಗ್ರೇಯನ್ನು ಯಾಕೆ ಕೊಲ್ಲಿಸಿದಳು?

ನಿಜ ಹೇಳಬೇಕೆಂದರೆ, ಮೊದಲು ಮೇರಿಗೆ ಆ ಮನಸ್ಸೇ ಇರಲಿಲ್ಲ. 1553ರ ಜುಲೈನಲ್ಲಿ ಇಂಗ್ಲೆಂಡಿನ ದೊರೆ ಆರನೇ ಎಡ್ವರ್ಡ್ ಸತ್ತ. ಅವನು ಪ್ರಾಟೆಸ್ಟೆಂಟ್. ಪಟ್ಟ ಕ್ಯಾಥೊಲಿಕ್ ಅಕ್ಕ ಮೇರಿಗೆ ಹೋಗಬಾರದೆಂದು ನೆಂಟರ ಹುಡುಗಿ ಜೇನ್ ಹೆಸರು ಬರೆದಿಟ್ಟಿದ್ದ. ಅವಳು ರಾಣಿಯಾಗಿದ್ದು ಒಂಬತ್ತೇ ದಿನ. ಜನ ಮೇರಿ ಕಡೆ ನಿಂತರು, ಜೇನ್ ಲಂಡನ್ ಟವರಿನಲ್ಲಿ ಸೆರೆಯಾದಳು. ನವೆಂಬರಿನಲ್ಲಿ ಮರಣದಂಡನೆ ವಿಧಿಸಿದರೂ ಮೇರಿ ಅದನ್ನು ಜಾರಿ ಮಾಡದೆ ಸುಮ್ನೆ ಇಟ್ಟುಕೊಂಡಿದ್ದಳು.

ಕೆಟ್ಟಿದ್ದು ಮುಂದಿನ ಜನವರಿಯಲ್ಲಿ. ಮೇರಿ ಸ್ಪೇನಿನ ಫಿಲಿಪ್‌ನನ್ನು ಮದುವೆಯಾಗಲು ಹೊರಟಿದ್ದಳು. ಅದನ್ನು ತಡೆಯಲು ಥಾಮಸ್ ವಯಟ್ ದಂಗೆ ಎಬ್ಬಿಸಿದ. ಅದಕ್ಕೆ ಜೇನ್‌ಳ ಅಪ್ಪನೂ ಸೇರಿಕೊಂಡ! ಮೇರಿ ಒಮ್ಮೆ ಕ್ಷಮಿಸಿ ಬಿಟ್ಟಿದ್ದ ಮನುಷ್ಯ ಅವನು. ಜೇನ್ ಟವರಿನೊಳಗೇ ಇದ್ದಳು, ದಂಗೆಯಲ್ಲಿ ಅವಳ ಕೈವಾಡವಿರಲಿಲ್ಲ. ಆದರೆ ಅವಳು ಬದುಕಿರುವವರೆಗೂ ಪ್ರಾಟೆಸ್ಟೆಂಟರ ಕೈಯಲ್ಲಿ ರೆಡಿಯಾಗಿ ಒಬ್ಬ ರಾಣಿ ಇದ್ದಂತೆ, ಅಲ್ವಾ? ಅವಳ ಹೆಸರೇ ಅಪಾಯವಾಯಿತು. ಅಪ್ಪನ ದುಡುಕಿಗೆ ಮಗಳು ಬಲಿಯಾದಳು ಅನ್ನೋದು ನನ್ನ ಅಭಿಪ್ರಾಯ.

ಜೇನ್‌ಳನ್ನು ಕ್ಯಾಥೊಲಿಕ್ ಮತಕ್ಕೆ ತರಲು ಫೆಕೆನಮ್ ಎಂಬ ಪಾದ್ರಿಯನ್ನು ಮೇರಿ ಕಳಿಸಿದಳು. ಜೇನ್ ಜಗ್ಗಲಿಲ್ಲ. 1554ರ ಫೆಬ್ರವರಿ 12ರಂದು ಅವಳ ತಲೆ ಕಡಿದರು. ಅದಕ್ಕೂ ಮುಂಚೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಮೇಲೆ, ತಲೆಯಿಡುವ ದಿಮ್ಮಿ ಸಿಗದೆ ಕೈಯಲ್ಲಿ ತಡಕಾಡಿದಳಂತೆ. ಪಕ್ಕದಲ್ಲಿದ್ದ ಯಾರೋ ದಾರಿ ತೋರಿಸಿದರು.